ನೀರಿಲ್ಲದ ಊರಲ್ಲಿ ಮನೆ ಕೆಡಿಸೋದು ನೀರೇ: ಹಳೇ ಮನೆ ಕೊಂಡವರು ಟೈಲ್ಸ್ ಅಂಗಡಿಗೆ ಹೋಗೋ ಮುಂಚೆ ಕೇಳಿ

ಇವತ್ತು ಹಳೇ ಮನೆ ಕೊಂಡು ಅದನ್ನ ಸರಿ ಮಾಡಿಸೋದರ ಬಗ್ಗೆ ಮಾತಾಡೋಣ. ಯಾವ ಟೈಲ್ಸ್, ಯಾವ ಬಣ್ಣ, ಯಾವ ಕಲ್ಲು, ಯಾವ ಪ್ಲೈವುಡ್. ಆದ್ರೆ ಶುರು ಮಾಡೋದು ನನ್ನ ತಪ್ಪಿನಿಂದ.

ಎರಡು ವರ್ಷದ ಹಿಂದೆ ನಾವು ಮಧುಗಿರಿಯಲ್ಲಿ ಒಂದು ಹಳೇ ಮನೆ ತಗೊಂಡ್ವಿ. ಮುಂದಿನ ಎರಡು ಅಂಕಣ ಕಲ್ಲು-ಮಣ್ಣಿನ ಗೋಡೆ, ಮೇಲೆ ಮಾಳಿಗೆ. ಹಿಂದುಗಡೆ ಅಡುಗೆಮನೆ, ಬಚ್ಚಲು, ಒಂದು ರೂಮು; ಅದು ಆಮೇಲೆ ಯಾರೋ ಸೇರಿಸಿದ ಆರ್‌ಸಿಸಿ. ಅಪ್ಪನ ರಿಟೈರ್‌ಮೆಂಟ್ ದುಡ್ಡಲ್ಲಿ ಬಹುಪಾಲು ಮನೆ ಕೊಳ್ಳೋಕೇ ಹೋಗಿತ್ತು. ರಿಪೇರಿಗೆ ಉಳಿದಿದ್ದು ಆರು ಲಕ್ಷ. ನಾನು ಬಿ.ಕಾಂ. ಓದಿದವಳು, ಹಾಗಾಗಿ ಲೆಕ್ಕ ನನ್ನ ತಲೆಗೆ ಬಂತು. ಎಕ್ಸೆಲ್ ಶೀಟ್ ಮಾಡಿದೆ. ಟೈಲ್ಸ್ ಇಷ್ಟು, ಪೇಂಟ್ ಇಷ್ಟು, ಅಡುಗೆಮನೆ ಇಷ್ಟು, ಲೈಟು ಇಷ್ಟು. ಕಣ್ಣಿಗೆ ಕಾಣೋದೆಲ್ಲ ಆ ಶೀಟಲ್ಲಿತ್ತು. ನೀರು ಅನ್ನೋ ಸಾಲೇ ಇರಲಿಲ್ಲ.

ಗೃಹಪ್ರವೇಶ ಆಗಿದ್ದು ಬೇಸಿಗೆಯಲ್ಲಿ. ಫೋಟೋ ಚೆನ್ನಾಗಿ ಬಂದವು. ಸೆಪ್ಟೆಂಬರ್‌ನಲ್ಲಿ ಮಳೆ ಹಿಡಿದ ಮೇಲೆ ಪಡಸಾಲೆ ಗೋಡೆ ಬುಡದಿಂದ ಎರಡಡಿ ಎತ್ತರಕ್ಕೆ ಉಬ್ಬೋಕೆ ಶುರುವಾಯ್ತು. ದೀಪಾವಳಿ ಹೊತ್ತಿಗೆ ಪುಟ್ಟಿ ಹಪ್ಪಳದ ಥರ ಕಳಚಿ ಬಿತ್ತು. ಅದೇ ವಾರ ಅಮ್ಮ ಬಚ್ಚಲ ಬಾಗಿಲ ಹತ್ರ, ನಾನೇ ಫೋನಲ್ಲಿ ನೋಡಿ ಆರಿಸಿದ್ದ ಫಳಫಳ ಹೊಳೆಯೋ ಟೈಲ್ಸ್ ಮೇಲೆ ಒದ್ದೆ ಕಾಲಿಟ್ಟು ಜಾರಿ ಬಿದ್ರು. ಬಲಗೈ ಮಣಿಕಟ್ಟು ಮುರೀತು. ಆರು ವಾರ ಕಟ್ಟು. ಅಮ್ಮ ಒಂದು ಮಾತೂ ಬೈಲಿಲ್ಲ. ಅದೇ ಜಾಸ್ತಿ ನೋವಾಗಿದ್ದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂದ್ರೆ ಜನ ಹೇಳೋದು ಬರ, ಬೋರ್‌ವೆಲ್, ಟ್ಯಾಂಕರ್. ಇಲ್ಲಿ ನೀರು ಕಮ್ಮಿ ನಿಜ. ಆದ್ರೂ ನಮ್ಮ ಮನೇಲಿ ಕೆಟ್ಟಿದ್ದೆಲ್ಲ ನೀರಿನಿಂದಲೇ. ಗೋಡೆ ಒಳಗಿನ ನೀರು, ಛಾವಣಿ ಮೇಲಿನ ನೀರು, ನೆಲದ ಮೇಲಿನ ನೀರು, ನಲ್ಲಿ ಒಳಗಿನ ನೀರು. ಈ ನಾಲ್ಕನ್ನ ಮೊದಲು ನೋಡಿದ್ರೆ ಯಾವ ಸಾಮಾನು ಆರಿಸಬೇಕು ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಒಂದೊಂದಾಗಿ ನೋಡೋಣ.

ಮೊದಲನೇದು: ಗೋಡೆ ಒಳಗಿನ ನೀರು

ಗೋಡೆ ಉದುರಿದ ಮೇಲೆ ಕೊರಟಗೆರೆ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿಯನ್ನ ಕರೆಸಿದ್ವಿ. ಅವರು ಬಂದು ಅಂಗೈ ಇಟ್ಟು ಗೋಡೆ ಮುಟ್ಟಿದ್ರು. ಹೊರಗಡೆ ಹೋಗಿ ಬುಡ ನೋಡಿದ್ರು. ಆಮೇಲೆ ಅಂದ್ರು: "ಗೋಡೆ ಬೆವರ್ತೈತೆ ಕಣಮ್ಮ. ನೀವು ಅದಕ್ಕೆ ಪ್ಲಾಸ್ಟಿಕ್ ಸುತ್ತಿದ್ದೀರಿ."

ವಿಷಯ ಏನಪ್ಪಾ ಅಂದ್ರೆ, ಹಳೇ ಕಲ್ಲು-ಮಣ್ಣಿನ ಗೋಡೆಗೆ ಅಡಿಪಾಯದಲ್ಲಿ ತೇವ ತಡೆಯೋ ಪದರ ಇರಲ್ಲ. ನೆಲದ ತೇವ ದೀಪದ ಬತ್ತಿಯಲ್ಲಿ ಎಣ್ಣೆ ಏರೋ ಹಾಗೆ ಮೇಲಕ್ಕೆ ಏರುತ್ತೆ. ಹಿಂದಿನವರು ಅದರ ಮೇಲೆ ಸುಣ್ಣದ ಗಾರೆ ಬಳಿದು, ವರ್ಷಕ್ಕೊಂದು ಸಲ ಹಬ್ಬಕ್ಕೆ ಸುಣ್ಣ ಹೊಡೀತಿದ್ರು. ಸುಣ್ಣದ ಮೂಲಕ ತೇವ ಆವಿಯಾಗಿ ಹೊರಗೆ ಹೋಗುತ್ತೆ. ನಾವು ಏನು ಮಾಡಿದ್ವಿ? ಅದೇ ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪುಟ್ಟಿ, ಅದರ ಮೇಲೆ ಎಮಲ್ಷನ್ ಪೇಂಟ್. ತೇವಕ್ಕೆ ದಾರಿ ಮುಚ್ಚಿತು. ಅದು ಇನ್ನೂ ಮೇಲಕ್ಕೆ ಏರಿತು. ತೇವದ ಜೊತೆ ಬಂದ ಉಪ್ಪು ಪೇಂಟಿನ ಹಿಂದೆ ಹರಳುಗಟ್ಟಿ ಪುಟ್ಟಿಯನ್ನ ಹೊರಗೆ ತಳ್ಳಿತು. ಪುಟ್ಟಿ ಕಂಪನಿದೂ ತಪ್ಪಲ್ಲ, ಪೇಂಟರದೂ ತಪ್ಪಲ್ಲ. ಇಟ್ಟಿಗೆ-ಸಿಮೆಂಟಿನ ಒಣ ಗೋಡೆಗೆ ಅದು ಚೆನ್ನಾಗಿಯೇ ನಿಲ್ಲುತ್ತೆ. ನಮ್ಮ ಹಿಂದಿನ ರೂಮಲ್ಲಿ ಇವತ್ತಿಗೂ ಒಂದು ಚೂರೂ ಉದುರಿಲ್ಲ.

ಸುಣ್ಣ ಅಂದ್ರೆ ಬಡವರ ಬಣ್ಣ ಅನ್ನೋ ಭಾವನೆ ನನಗೂ ಇತ್ತು. ಒಂದ್ಸಲ ಶಿರಾಕ್ಕೆ ಹೋದಾಗ ಮಲಿಕ್ ರಿಹಾನ್ ಗೋರಿ ನೋಡಿ ಬನ್ನಿ. 17ನೇ ಶತಮಾನದ್ದು. ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಅಂದ್ರೆ ಅದಕ್ಕೂ ನೂರೈವತ್ತು ವರ್ಷಕ್ಕಿಂತ ಮುಂಚಿನ ಕಟ್ಟಡ ಅದು. ಸಿಮೆಂಟಿಲ್ಲದೆ ಇಷ್ಟು ಕಾಲ ನಿಂತಿದೆ.

ನಿಮ್ಮ ಗೋಡೆಗೆ ತೇವ ಇದೆಯಾ ಅಂತ ನೋಡೋಕೆ ದುಡ್ಡು ಬೇಡ. ಒಂದಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನ ಗೋಡೆಗಿಟ್ಟು ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದ್ರೆ ಗೋಡೆ ಕಡೆ, ಹನಿ ಕಟ್ಟಿದ್ರೆ ತೇವ ಗೋಡೆಯಿಂದ ಬರ್ತಿದೆ. ಹೊರಮೈಯಲ್ಲಿ ಕಟ್ಟಿದ್ರೆ ಅದು ರೂಮಿನ ಗಾಳಿಯ ತೇವ, ಕಿಟಕಿ ತೆಗೆದ್ರೆ ಸಾಕು.

ನಾವು ಕೊನೆಗೆ ಮಾಡಿದ್ದು ಇಷ್ಟು. ಬಚ್ಚಲ ನೀರು ಹೋಗೋ ಪೈಪ್ ಗೋಡೆ ಬುಡದಲ್ಲೇ ಸೋರ್ತಿತ್ತು, ಅದನ್ನ ಮೊದಲು ಬದಲಾಯಿಸಿದ್ವಿ. ಮಾಳಿಗೆಯಿಂದ ಬೀಳೋ ಮಳೆನೀರು ಬುಡಕ್ಕೆ ಬೀಳದ ಹಾಗೆ ಪೈಪ್ ಹಾಕಿ ದೂರ ಬಿಟ್ವಿ. ನೆಲದಿಂದ ನಾಲ್ಕಡಿವರೆಗೆ ಸಿಮೆಂಟ್ ಕೆತ್ತಿಸಿ, ಒಂದು ಬೇಸಿಗೆ ಪೂರ್ತಿ ಗೋಡೆಯನ್ನ ಬರಿಮೈಯಲ್ಲಿ ಒಣಗೋಕೆ ಬಿಟ್ವಿ. ನೆಂಟರು ಬಂದಾಗ ನಾಚಿಕೆ ಆಗ್ತಿತ್ತು. ಆಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸೇರಿಸಿದ ಗಾರೆ, ಮೇಲೆ ಸುಣ್ಣ. ಒಂದು ಎಚ್ಚರಿಕೆ: ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕುದಿಯುತ್ತೆ. ಕಣ್ಣಿಗೆ ಹಾರಿದ್ರೆ ಅಪಾಯ. ಮಕ್ಕಳನ್ನ ಹತ್ರ ಬಿಡಬೇಡಿ, ಕನ್ನಡಕ ಹಾಕ್ಕೊಳ್ಳಿ.

ಇಲ್ಲೇ ಮರಳಿನ ಮಾತೂ ಆಗಲಿ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ದಾಟಿ ಹೋಗೋ ಜಯಮಂಗಲಿಯ ಮರಳಲ್ಲೇ ನಮ್ಮ ಕಡೆ ಎಷ್ಟೋ ಮನೆ ಎದ್ದಿವೆ. ಈಗ ಅಂಗಡಿಗೆ ಹೋದ್ರೆ ಸಿಗೋದು ಬಂಡೆ ಪುಡಿ ಮಾಡಿ ತಯಾರಿಸಿದ ಎಂ-ಸ್ಯಾಂಡ್, ಪಿ-ಸ್ಯಾಂಡ್. ಎಂ-ಸ್ಯಾಂಡ್ ಕಾಂಕ್ರೀಟಿಗೆ, ಇನ್ನೂ ನುಣುಪಾದ ಪಿ-ಸ್ಯಾಂಡ್ ಪ್ಲಾಸ್ಟರಿಂಗ್‌ಗೆ. ಇವೆರಡರ ಹೆಸರಲ್ಲಿ ಕ್ರಷರ್ ಧೂಳು ಕೊಟ್ಟುಬಿಟ್ರೆ ಪ್ಲಾಸ್ಟರ್ ಕೂದಲೆಳೆ ಬಿರುಕು ಬಿಡುತ್ತೆ. ಗಾಜಿನ ಲೋಟದಲ್ಲಿ ಅರ್ಧ ಮರಳು, ಅರ್ಧ ನೀರು ಹಾಕಿ ಅಲ್ಲಾಡಿಸಿ ಒಂದೆರಡು ಗಂಟೆ ಇಡಿ. ಮೇಲೆ ದಪ್ಪಗೆ ಕೆಸರಿನ ಪದರ ನಿಂತ್ರೆ ಲೋಡ್ ವಾಪಸ್ ಕಳಿಸಿ.

ಎರಡನೇದು: ಛಾವಣಿ ಮೇಲಿನ ನೀರು, ಜೊತೆಗೆ ಬಿಸಿಲು

ಮಾಳಿಗೆ ಮನೆ ಕೊಂಡವರು ಸಾಮಾನ್ಯವಾಗಿ ಮಾಡೋ ಕೆಲಸ ಒಂದಿದೆ. ಸೋರುತ್ತೆ ಅಂತ ಮಣ್ಣಿನ ಮೇಲೇ ಕಾಂಕ್ರೀಟ್ ಸುರಿಸೋದು. ದಯವಿಟ್ಟು ನಿಲ್ಲಿ, ಮೊದಲು ಲೆಕ್ಕ ಹಾಕಿ. ಹತ್ತಡಿಗೆ ಹತ್ತಡಿ ಜಾಗಕ್ಕೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿದ್ರೆ ಅದರ ತೂಕ ಎರಡು ಟನ್ ದಾಟುತ್ತೆ. ಕೆಳಗಿರೋ ತೊಲೆ, ಜಂತೆ ಎಷ್ಟು ಹಳೇದು, ಗೆದ್ದಲು ಎಷ್ಟು ತಿಂದಿದೆ ಅಂತ ಮೇಲಿಂದ ಕಾಣಲ್ಲ. ಒಬ್ಬ ಇಂಜಿನಿಯರ್‌ಗೆ ಫೀಸ್ ಕೊಟ್ಟು ತೋರಿಸಿ. ನಮ್ಮ ಇಡೀ ರಿಪೇರಿಯಲ್ಲಿ ಅತಿ ಕಮ್ಮಿ ದುಡ್ಡಿಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟ ಖರ್ಚು ಅದು. ತೊಲೆ ಗಟ್ಟಿ ಇದ್ರೆ ಹಿಂದಿನವರ ಹಾಗೆ ಚೌಳು ಮಣ್ಣು ಹಾಕಿ ಬಡಿಸಿ, ಇಳಿಜಾರು ಸರಿ ಮಾಡಿಸಿದ್ರೂ ಆಗುತ್ತೆ.

ಆರ್‌ಸಿಸಿ ಛಾವಣಿ ಆದ್ರೆ ಮೇಲೆ ಹತ್ತು ಬಕೆಟ್ ನೀರು ಸುರಿದು ನೋಡಿ. ಎಲ್ಲಿ ನಿಲ್ಲುತ್ತೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಮೊದಲು ಇಳಿಜಾರು, ಆಮೇಲೆ ಬಿರುಕು ತುಂಬೋದು, ಆಮೇಲೆ ವಾಟರ್‌ಪ್ರೂಫ್ ಬಳಿಯೋದು. ಈ ಕ್ರಮ ತಪ್ಪಿದ್ರೆ ಎಷ್ಟು ಒಳ್ಳೇ ಡಬ್ಬ ತಂದ್ರೂ ಎರಡು ಮಳೆಗೆ ಎದ್ದು ಬರುತ್ತೆ.

ಇನ್ನು ಬಿಸಿಲು. ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅಷ್ಟು ದೊಡ್ಡ ಪಾರ್ಕ್ ಅಲ್ಲಿಗೆ ಬರೋಕೆ ಕಾರಣ ಆ ಬಿಸಿಲೇ. ಅದೇ ಬಿಸಿಲು ನಿಮ್ಮ ಛಾವಣಿ ಮೇಲೂ ಬೀಳುತ್ತೆ. ಅದಕ್ಕೆ ಛಾವಣಿಯ ಕೊನೆಯ ಕೋಟ್ ಬಿಳಿ ಇರಲಿ, ಬಿಸಿಲನ್ನ ವಾಪಸ್ ಎಸೆಯೋ ಕೂಲ್ ರೂಫ್ ಪೇಂಟ್ ಆದ್ರೂ ಸರಿ, ಸುಣ್ಣ ಆದ್ರೂ ಸರಿ. ಪಾವಗಡದ ನಮ್ಮ ದೊಡ್ಡಮ್ಮ ಪ್ರತಿ ಶಿವರಾತ್ರಿ ಆದ ಮೇಲೆ ಮೇಲಕ್ಕೆ ಸುಣ್ಣ ಹೊಡೆಸ್ತಾರೆ. ನಾನು ಚಿಕ್ಕವಳಿದ್ದಾಗ ಅದು ಶಾಸ್ತ್ರ ಅಂದ್ಕೊಂಡಿದ್ದೆ. ಮಧ್ಯಾಹ್ನ ಅವರ ಮನೇಲಿ ಯಾಕೆ ನಿದ್ದೆ ಬರ್ತಿತ್ತು ಅಂತ ಈಗ ಗೊತ್ತಾಗಿದೆ. ಸೋಲಾರ್ ಪ್ಯಾನೆಲ್ ಹಾಕಿಸೋ ಯೋಚನೆ ಇದ್ರೆ ವಾಟರ್‌ಪ್ರೂಫಿಂಗ್ ಮುಗಿದ ಮೇಲೆ ಹಾಕಿಸಿ, ಪ್ಯಾನೆಲ್ ಕೆಳಗೆ ಮತ್ತೆ ಕೈ ಹೋಗಲ್ಲ.

ಹಳೇ ಮನೆಯ ಹಿತ್ತಲಲ್ಲಿ ಸಿಮೆಂಟ್ ಶೀಟ್ ಇದ್ರೆ ಅದು ಆಸ್ಬೆಸ್ಟಾಸ್ ಇರಬಹುದು. ಒಡೆಯಬೇಡಿ, ಒಣದಾಗಿ ಕೊರೀಬೇಡಿ. ನೀರು ಹಾಕಿ ನೆನೆಸಿ ಇಡಿಯಾಗಿ ಇಳಿಸಿ, ಇಳಿಸೋವಾಗ ಒಳ್ಳೇ ಮಾಸ್ಕ್ ಇರಲಿ. ಹಳೇ ಬಾಗಿಲು, ಕಿಟಕಿಯ ಪೇಂಟ್ ಉಜ್ಜೋವಾಗಲೂ ಇದೇ ಮಾತು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚಿನ ಪೇಂಟಲ್ಲಿ ಏನಿದೆಯೋ ಯಾರಿಗೆ ಗೊತ್ತು? ಒದ್ದೆ ಮಾಡಿ ಉಜ್ಜಿ. ಪುಟ್ಟ ಮಕ್ಕಳಿದ್ರೆ ಆ ದಿನ ಅಜ್ಜಿ ಮನೆಗೆ ಕಳಿಸಿ.

ಮೂರನೇದು: ನೆಲದ ಮೇಲಿನ ನೀರು

ಈಗ ಬಂತು ಎಲ್ಲರ ಇಷ್ಟದ ವಿಷಯ, ಟೈಲ್ಸ್. ದೇಶದ ಬಹುಪಾಲು ಟೈಲ್ಸ್ ತಯಾರಾಗೋದು ಗುಜರಾತಿನ ಮೋರ್ಬಿಯಲ್ಲಿ. ಶಿರಾ ಹೆದ್ದಾರಿ ಪಕ್ಕದ ಅಂಗಡೀಲಿ ಇರೋದೂ ಬೆಂಗಳೂರಿನ ದೊಡ್ಡ ಶೋರೂಮಲ್ಲಿ ಇರೋದೂ ಬಹಳ ಸಲ ಒಂದೇ ಊರಿನ ಮಾಲು. ಹಾಗಾಗಿ ಅಂಗಡಿಯ ಲೈಟಿಂಗ್ ನೋಡಿ ಮರುಳಾಗಬೇಡಿ.

ನೋಡಬೇಕಾದ್ದು ಎರಡು. ಒಂದು, ಟೈಲ್ ಎಷ್ಟು ನೀರು ಕುಡಿಯುತ್ತೆ ಅನ್ನೋದು. ವಿಟ್ರಿಫೈಡ್ ಅಂದ್ರೆ ನೀರು ಹೀರೋದು ಶೇ. 0.5 ಅಥವಾ ಅದಕ್ಕಿಂತ ಕಮ್ಮಿ. ಗೋಡೆಗೆ ಹಾಕೋ ಸೆರಾಮಿಕ್ ಶೇ. 10ಕ್ಕಿಂತ ಜಾಸ್ತಿ ಹೀರುತ್ತೆ. ಗೋಡೆ ಟೈಲ್ ಅಗ್ಗ ಅಂತ ನೆಲಕ್ಕೆ ಹಾಕಿದ್ರೆ ಒಡೆಯುತ್ತೆ. ಎರಡು, ಜಾರುತ್ತಾ ಅನ್ನೋದು. ಡಬ್ಬದ ಮೇಲೆ ಅಥವಾ ಕ್ಯಾಟಲಾಗಲ್ಲಿ ಆರ್9, ಆರ್10, ಆರ್11 ಅಂತ ಇರುತ್ತೆ. ನಂಬರ್ ಹೆಚ್ಚಾದಷ್ಟೂ ಹಿಡಿತ ಜಾಸ್ತಿ. ಬಚ್ಚಲು, ಹಿತ್ತಲು, ಮೆಟ್ಟಿಲಿಗೆ ಆರ್10 ಅಥವಾ ಆರ್11 ಕೇಳಿ. ಅಮ್ಮ ಬಿದ್ದಿದ್ದು ಪಾಲಿಶ್ ಮಾಡಿದ ಟೈಲ್ ಮೇಲೆ. ಅದು ಹಜಾರಕ್ಕೆ ಇರೋದು, ಒದ್ದೆ ಕಾಲಿಡೋ ಜಾಗಕ್ಕಲ್ಲ.

ಒಂದು ಸಣ್ಣ ಲೆಕ್ಕ ಹೇಳ್ತೀನಿ, ಕಾಮರ್ಸ್ ಬುದ್ಧಿ ಬಿಡಲ್ಲ. ಎರಡಡಿಗೆ ಎರಡಡಿ ಅಂತ ಮಾರೋ ಟೈಲ್ ನಿಜವಾಗಿ 600 ಮಿಲಿಮೀಟರ್ ಚೌಕ. ಎರಡಡಿ ಅಂದ್ರೆ ಸುಮಾರು 610 ಮಿಲಿಮೀಟರ್. ನಾಲ್ಕು ಟೈಲಿನ ಬಾಕ್ಸ್ 16 ಚದರಡಿ ಅಂತಾರೆ, ಇರೋದು 1.44 ಚದರ ಮೀಟರ್, ಅಂದ್ರೆ 15.5 ಚದರಡಿ. 800 ಚದರಡಿ ಮನೆಗೆ 50 ಬಾಕ್ಸ್ ಅಲ್ಲ, 52 ಬೇಕು. ಅದರ ಮೇಲೆ ಕಟಿಂಗ್, ಒಡೆಯೋದಕ್ಕೆ ಅಂತ ಶೇ. 10 ಸೇರಿಸಿ. ಎಲ್ಲ ಬಾಕ್ಸ್ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯಾ ನೋಡಿ. ಆಮೇಲೆ ಎರಡು ಬಾಕ್ಸ್ ತರೋಕೆ ಹೋದ್ರೆ ಅದೇ ಬಣ್ಣ ಸಿಗಲ್ಲ.

ಹಾಗಂತ ಇರೋ ನೆಲವನ್ನೆಲ್ಲ ಕಿತ್ತು ಬಿಸಾಕಬೇಡಿ. ದೊಡ್ಡಮ್ಮನ ಮನೇಲಿ ಇರೋದು ಪಕ್ಕದ ಆಂಧ್ರದಿಂದ ಬಂದ ಕಡಪ ಕಲ್ಲು. ನಮ್ಮ ಪಡಸಾಲೆಯಲ್ಲಿ ಕೆಂಪು ಗಾರೆ ನೆಲ ಇತ್ತು. ಬಿರುಕಿದ್ದ ಕಡೆ ಮಾತ್ರ ತುಂಬಿಸಿ, ಮತ್ತೆ ಉಜ್ಜಿಸಿ ಉಳಿಸಿಕೊಂಡ್ವಿ. ಕಲ್ಲಲ್ಲಿ ಒಂದು ಭೇದ ಗೊತ್ತಿರಲಿ. ಕಡಪ, ಶಹಾಬಾದ್, ಮಾರ್ಬಲ್, ಇವೆಲ್ಲ ಸುಣ್ಣದ ಕುಲದ ಕಲ್ಲು. ನಿಂಬೆ ರಸ, ಹುಣಸೆ ನೀರು, ಆಸಿಡ್ ತಾಗಿದ್ರೆ ಹೊಳಪು ಹೋಗಿ ಮಚ್ಚೆ ಬೀಳುತ್ತೆ. ಗ್ರಾನೈಟ್‌ಗೆ ಹಾಗಾಗಲ್ಲ. ನಮ್ಮ ಮಧುಗಿರಿ ಬೆಟ್ಟದ ಕಲ್ಲಿನ ಕುಲ ಅದು, ಹುಳಿಗೆ ಜಗ್ಗಲ್ಲ. ಅಂಗಡಿಯವರು ಕರೀ ಕಲ್ಲು ತೋರಿಸಿ ಗ್ರಾನೈಟ್ ಅಂದ್ರೆ, ಒಂದು ತುಂಡಿನ ಮೇಲೆ ನಿಂಬೆಹಣ್ಣು ಹಿಂಡಿ ಹತ್ತು ನಿಮಿಷ ಬಿಡಿ. ಒರೆಸಿದಾಗ ಮಂಕಾದ ಗುರುತು ಉಳಿದ್ರೆ ಅದು ಅಡುಗೆಮನೆ ಕಟ್ಟೆಗೆ ಬೇಡ.

ನಾಲ್ಕನೇದು: ನಲ್ಲಿ ಒಳಗಿನ ನೀರು

ನಮ್ಮ ಬೋರ್‌ವೆಲ್ ನೀರು ಗಡಸು. ಸೋಪು ನೊರೆ ಬರಲ್ಲ, ಬೇಳೆ ಬೇಯಲ್ಲ, ಬಕೆಟ್ಟಿಗೆ ಬಿಳಿ ಪಟ್ಟೆ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 600ರ ತನಕ. ಮನೆ ಸಾಮಾನು ತಗೊಳ್ಳೋ ಮುಂಚೆ ನಿಮ್ಮ ನೀರನ್ನ ಒಂದ್ಸಲ ಲ್ಯಾಬಲ್ಲಿ ಪರೀಕ್ಷೆ ಮಾಡಿಸಿ.

ನೀರು ಗಡಸು ಅಂತ ಗೊತ್ತಾದ ಮೇಲೆ ಆಯ್ಕೆ ಸುಲಭ. ಬಚ್ಚಲಿಗೆ ಕಪ್ಪು ಟೈಲ್, ಗಾಜಿನ ಪಾರ್ಟಿಷನ್, ಕಪ್ಪು ಬಣ್ಣದ ನಲ್ಲಿ ಬೇಡ. ಫೋಟೋದಲ್ಲಿ ಚಂದ, ಹದಿನೈದು ದಿನಕ್ಕೆ ಬಿಳಿ ಚುಕ್ಕೆ. ತಿಳಿ ಬಣ್ಣದ ಮ್ಯಾಟ್ ಟೈಲ್ ಹಾಕಿ. ನಲ್ಲಿ ಹಿತ್ತಾಳೆ ಬಾಡಿದು ಇರಲಿ, ಬಾಯಿಯ ಜಾಲರಿ ಬಿಚ್ಚಿ ತೊಳೆಯೋ ಥರ ಇರಲಿ. ಟೈಲ್ ಸಂದಿಗೆ ಬಚ್ಚಲಲ್ಲಿ ಎಪಾಕ್ಸಿ ಗ್ರೌಟ್ ಹಾಕಿಸಿ. ಸಿಮೆಂಟ್ ಗ್ರೌಟಿನ ಕಲೆ ತೆಗೆಯೋಕೆ ಆಸಿಡ್ ಹಾಕ್ತೀವಿ, ಆಸಿಡ್ ಗ್ರೌಟನ್ನೇ ತಿನ್ನುತ್ತೆ, ಸಂದೀಲಿ ನೀರು ಇಳಿದು ಮತ್ತೆ ಗೋಡೆ ಬುಡಕ್ಕೆ ಹೋಗುತ್ತೆ. ಎಲ್ಲಿಂದ ಶುರು ಮಾಡಿದ್ವೋ ಅಲ್ಲಿಗೇ ಬಂದ್ವಿ ನೋಡಿ. ಸೋಲಾರ್ ಹೀಟರ್ ಆದ್ರೆ ಗಾಜಿನ ಕೊಳವೆಯದು ಒಳ್ಳೇದು, ಉಪ್ಪು ಕಟ್ಟಿದ್ರೆ ತೊಳೀಬಹುದು.

ಫ್ಲೋರೈಡ್ ಬೇರೆ ವಿಷಯ. ಪಾವಗಡ, ಮಧುಗಿರಿ, ಶಿರಾ ತಾಲ್ಲೂಕುಗಳಲ್ಲಿ ಹಲವು ಕಡೆ ಇದರ ತೊಂದರೆ ಇದೆ. ಟೈಲಿಗೆ, ನಲ್ಲಿಗೆ ಏನೂ ಮಾಡಲ್ಲ. ಹಲ್ಲಿಗೆ, ಮೂಳೆಗೆ ಮಾಡುತ್ತೆ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಹೆಚ್ಚೆಂದ್ರೆ 1.5. ಕುದಿಸಿದ್ರೆ ಹೋಗಲ್ಲ. ಬಜೆಟ್ಟಲ್ಲಿ ಆರ್‌ಒ ಅಥವಾ ಊರಿನ ಶುದ್ಧ ನೀರಿನ ಘಟಕದಿಂದ ತರೋ ವ್ಯವಸ್ಥೆಗೆ ಜಾಗ ಇಡಿ. ಫಾಲ್ಸ್ ಸೀಲಿಂಗ್ ಆಮೇಲೆ ಮಾಡಿಸಬಹುದು.

ಮರಕ್ಕೂ ಇದೇ ನೀರಿನ ಲೆಕ್ಕ. ಪ್ಲೈವುಡ್ಡಲ್ಲಿ ಐಎಸ್ 303 ಎಂಆರ್ ಅನ್ನೋದು ಒಣ ಜಾಗದ ಕಪಾಟಿಗೆ. ಸಿಂಕ್ ಕೆಳಗೆ ಐಎಸ್ 710 ಇರಲಿ. ಅದನ್ನ ಮರೈನ್ ಪ್ಲೈ ಅಂತಾರೆ. ಬಚ್ಚಲ ಬಾಗಿಲಿಗೆ ಪ್ಲೈ ಬಿಟ್ಟು ಪಿವಿಸಿ ಅಥವಾ ಡಬ್ಲ್ಯೂಪಿಸಿ. ಹಲಗೆ ಮೇಲೆ ಐಎಸ್ಐ ಗುರುತಿನ ಜೊತೆ ಲೈಸೆನ್ಸ್ ನಂಬರ್ ಇರುತ್ತೆ. ನಿಮ್ಮ ಫೋನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕ್ಕೊಂಡು ಅಂಗಡೀಲಿ ನಿಂತೇ ಆ ನಂಬರ್ ಹೊಡೆದು ನೋಡಿ. ಅಂಗಡಿಯವರ ಮುಖ ನೋಡಿದ್ರೇ ಅರ್ಧ ಗೊತ್ತಾಗುತ್ತೆ.

ಕೊನೆಗೆ ಲೆಕ್ಕ

"ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀವಿ" ಅಂತಾರೆ. ಟೈಲ್ಸಿಗೆ ಶೇ. 18 ಜಿಎಸ್‌ಟಿ. ಸಿಮೆಂಟಿಗೆ ಶೇ. 28 ಇದ್ದಿದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಗಿದೆ. ಉಳಿತಾಯ ಅನ್ನಿಸುತ್ತೆ, ಆದ್ರೆ ಬಿಲ್ ಇಲ್ಲದ ಮಾಲು ಕೆಟ್ಟಿದ್ರೆ ವಾಪಸ್ ಕೊಡೋಕೆ ಬಾಯಿ ಬರಲ್ಲ. ಮುಂದೆ ಎಂದಾದ್ರೂ ಮನೆ ಮಾರಿದ್ರೆ, ಹೊಸದಾಗಿ ಕಟ್ಟಿಸಿ ಸೇರಿಸಿದ ಶಾಶ್ವತ ಕೆಲಸದ ಖರ್ಚನ್ನ ಲಾಭದಿಂದ ಕಳೀಬಹುದು. ಅದಕ್ಕೆ ಬಿಲ್ ಬೇಕು. ಬಣ್ಣ ಹೊಡೆಸೋ ಥರದ ಮಾಮೂಲಿ ರಿಪೇರಿ ಅದರಲ್ಲಿ ಸೇರಲ್ಲ.

ನಮ್ಮ ಮನೆ ಲೆಕ್ಕವನ್ನೂ ಮುಚ್ಚಿಡಲ್ಲ. ಮುಂದಿನ ಗೋಡೆಗಳ ಪುಟ್ಟಿ, ಪೇಂಟಿಗೆ ಕೊಟ್ಟಿದ್ದು 62 ಸಾವಿರ. ಅದನ್ನ ಕೆತ್ತಿಸಿ ಸುಣ್ಣದ ಗಾರೆ ಮಾಡಿಸೋಕೆ 48 ಸಾವಿರ. ಮೊದಲೇ ಗೋಡೆ ಮುಟ್ಟಿ ನೋಡಿದ್ರೆ ಆ 62 ಸಾವಿರ ಉಳೀತಿತ್ತು. ಅಮ್ಮನ ಕೈಗೆ ಆದ ಖರ್ಚನ್ನ ನಾನು ಶೀಟಲ್ಲಿ ಬರೀಲಿಲ್ಲ, ಬರೆಯೋಕೆ ಆಗಲಿಲ್ಲ.

ಈಗ ಯಾರಾದ್ರೂ ಕೇಳಿದ್ರೆ ನಾನು ಹೇಳೋ ಕ್ರಮ ಇದು: ಮೊದಲು ಛಾವಣಿ, ಆಮೇಲೆ ಬುಡದ ತೇವ ಮತ್ತು ಚರಂಡಿ, ಆಮೇಲೆ ಪೈಪ್ ಮತ್ತು ವೈರಿಂಗ್, ಆಮೇಲೆ ಒಂದು ಮಳೆಗಾಲ ಕಾಯಿರಿ. ಮನೆ ಎಲ್ಲಿ ಸೋರುತ್ತೆ ಅಂತ ಮಳೆಯೇ ತೋರಿಸುತ್ತೆ. ಟೈಲ್ಸ್, ಬಣ್ಣ ಎಲ್ಲ ಅದಾದ ಮೇಲೆ.

ಬಚ್ಚಲ ಟೈಲ್ಸ್ ಎರಡನೇ ಸಲ ತರೋಕೆ ಅಮ್ಮನೂ ಬಂದಿದ್ರು. ಅಂಗಡಿಯವರು ಒಂದೊಂದೇ ತೆಗೆದು ಲೈಟಿಗೆ ಹಿಡಿದು ತೋರಿಸ್ತಿದ್ರು. ಅಮ್ಮ ಬಣ್ಣ ನೋಡಲೇ ಇಲ್ಲ. "ಒಂದು ಲೋಟ ನೀರು ಕೊಡಪ್ಪ" ಅಂದ್ರು. ಅವರು ಕುಡಿಯೋಕೆ ಅಂತ ತಂದುಕೊಟ್ರು. ಅಮ್ಮ ಅದನ್ನ ಟೈಲ್ ಮೇಲೆ ಸುರಿದು, ಚಪ್ಪಲಿ ಬಿಟ್ಟು, ನನ್ನ ಭುಜ ಹಿಡ್ಕೊಂಡು ಅದರ ಮೇಲೆ ಕಾಲಿಟ್ಟು ಉಜ್ಜಿ ನೋಡಿದ್ರು. ಮೂರು ಬೇಡ ಅಂದ್ರು. ನಾಲ್ಕನೇದಕ್ಕೆ "ಇದು ಹಾಕ್ಸು" ಅಂದ್ರು.

ನೀವೂ ಹಾಗೇ ಮಾಡಿ. ಮನೆ ಕೊಂಡ, ಕೊಳ್ಳೋಕೆ ಹೊರಟ ಗೆಳೆಯರಿದ್ರೆ ಈ ಎಪಿಸೋಡ್ ಕಳಿಸಿ.